ಬಲೂನಿನ ಗಾಡಿಯನ್ನು ಮಕ್ಕಳೇ ಮಾಡಲಿ

ವಿಲೆ ಪಾರ್ಲೆಯಲ್ಲಿ ನೆಲಸಿರುವ ನಮ್ಮ ಬಂಧುಗಳಿಗೆ ವಿಮಾನದ ಗರ್ಜನೆ ನಿತ್ಯದ ಸಂಗಾತಿ. ಪೂರ್ವಕ್ಕೆ ಸಾಂತಾಕ್ರೂಸಿನ ದೊಡ್ಡ ನಿಲ್ದಾಣ. ಪಶ್ಚಿಮಕ್ಕೆ, 1932ನೆಯ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಟಪಾಲು ಹೊತ್ತು ತಂದು ಇಳಿಸಿದ ಜುಹೂ ನಿಲ್ದಾಣ. ನಮ್ಮ ತಲೆಯ ಮೇಲೆ ಹಾರುವ ಜೆಟ್ ವಿಮಾನವನ್ನು ಮುಂದಕ್ಕೆ ನೂಕುವ ನಿಯಮವೇ, ಭೌತಶಾಸ್ತ್ರದ ಪ್ರಾಜೆಕ್ಟೆಂದು ಶಾಲೆಯವರು ನಮ್ಮ ಮಕ್ಕಳಿಂದ ಮಾಡಿಸುವ ಬಲೂನಿನ ಗಾಡಿಯನ್ನೂ ಓಡಿಸುತ್ತದೆ. ಇಷ್ಟು ದೊಡ್ಡ ವಿಷಯವನ್ನು ಇಷ್ಟು ಚಿಕ್ಕ ಆಟಿಕೆಯಿಂದ ಕಲಿಯಲು ದೊರೆತ ಅವಕಾಶವನ್ನು ನಾವು ಹೇಗೆ ಬಳಸಿಕೊಳ್ಳುತ್ತಿದ್ದೇವೆ ಎಂಬುದು ವಿಚಾರಾರ್ಹವಾಗಿದೆ.

ಶಾಲೆಗಳ ಸಮೀಪದ ಅಂಗಡಿಗಳಲ್ಲಿ ಪ್ರಾಜೆಕ್ಟುಗಳೀಗ ಸಿದ್ಧವಾಗಿಯೇ ದೊರೆಯುತ್ತವೆ. ಹೊತ್ತು ಮೂಡುವ ಮೊದಲೇ ಹೋಟೆಲಿನ ಕೆಲಸಕ್ಕೆ ನಿಂತು ರಾತ್ರಿ ಮನೆ ಸೇರುವ ತಂದೆಗೆ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ದಣಿದು ಬರುವ ಗುಮಾಸ್ತನಿಗೆ, ಮಗುವಿನೊಡನೆ ಕುಳಿತುಕೊಳ್ಳುವ ವ್ಯವಧಾನವೆಲ್ಲಿ? ಇಂಗ್ಲಿಷಿನ ಪಾಠ ತನಗೇನು ತಿಳಿದೀತೆಂಬ ಅಳುಕು ಬೇರೆ. ಎಸ್. ಎಸ್. ಎಲ್. ಸಿ.ಗೆ ಓದು ಮುಗಿಸಿ ಹೋಟೆಲು ನಡೆಸಿದ ಈ ಲೇಖಕನಿಗೂ ಆ ಅಳುಕಿನ ಪರಿಚಯವುಂಟು. ಆದುದರಿಂದ ಆ ತಂದೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಕೊಂಡು ತಂದ ಗಾಡಿಯಿಂದ ಮಗು ಕಲಿಯುವುದು ಒಂದೇ ಪಾಠ: ವಿದ್ಯೆಯನ್ನೂ ದುಡ್ಡಿಗೆ ಕೊಳ್ಳಬಹುದೆಂಬುದು. ದುಡ್ಡಿಲ್ಲದವರ ಮಕ್ಕಳಿಗೆ ಇದಕ್ಕಿಂತ ಘಾತಕವಾದ ಪಾಠ ಇನ್ನೊಂದಿಲ್ಲ.

ವಾಸ್ತವವಾಗಿ ಈ ಗಾಡಿಗೆ ಬೇಕಾದುದೇನು? ಒಂದು ರಟ್ಟಿನ ತುಂಡು, ಬಾಟಲಿಯ ನಾಲ್ಕು ಮುಚ್ಚಳ, ಎರಡು ಬಿದಿರಿನ ಕಡ್ಡಿ, ಮುಗಿದ ಬಾಲ್‌ಪೆನ್ನಿನ ಹೊರಕೊಳವೆ, ಒಂದು ಬಲೂನು. ಪ್ಲಾಸ್ಟಿಕ್ ಸ್ಟ್ರಾ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧವಾಗಿರುವುದರಿಂದ ಕಾಗದದ ಸ್ಟ್ರಾ ಸಾಕು. ಅದರ ಎರಡು ತುಂಡುಗಳನ್ನು ರಟ್ಟಿನ ಅಡಿಗೆ ಅಡ್ಡಲಾಗಿ ಅಂಟಿಸಿ, ಒಳಗೆ ಕಡ್ಡಿ ತೂರಿಸಿ, ತುದಿಗಳಿಗೆ ಮುಚ್ಚಳ ಸಿಕ್ಕಿಸಿದರೆ ಚಕ್ರಗಳಾದುವು. ಬಲೂನಿನ ಬಾಯನ್ನು ಪೆನ್ನಿನ ಕೊಳವೆಗೆ ಬಿಗಿದು, ಕೊಳವೆಯ ತುದಿ ಹಿಂದಕ್ಕೆ ಚಾಚುವಂತೆ ರಟ್ಟಿನ ಮೇಲೆ ನಿಲ್ಲಿಸಿ, ಊದಿ ಬಿಟ್ಟರೆ ಗಾಡಿ ಓಡಬೇಕು.

ಮೊದಲ ಸಲ ಅದು ಪ್ರಾಯಶಃ ಓಡುವುದಿಲ್ಲ. ನಿಜವಾದ ವಿದ್ಯೆ ಆರಂಭವಾಗುವುದು ಅಲ್ಲಿಯೇ. ಮುಚ್ಚಳದ ತೂತು ನಡುಮಧ್ಯದಲ್ಲಿಲ್ಲದಿದ್ದರೆ ಚಕ್ರ ಕುಂಟುತ್ತದೆ. ಕಡ್ಡಿ ಬಿಗಿಯಾದರೆ ಘರ್ಷಣೆಯು ಬಲವನ್ನು ನುಂಗುತ್ತದೆ. ರಟ್ಟು ಭಾರವಾದರೆ ಅದೇ ಬಲಕ್ಕೆ ಗಾಡಿ ನಿಧಾನವಾಗಿ ಹೊರಡುತ್ತದೆ. ಕೊಳವೆ ತೀರ ಅಗಲವಾದರೆ ಗಾಳಿ ಕ್ಷಣದಲ್ಲಿ ಬರಿದಾಗುತ್ತದೆ. ತೀರ ಸಪೂರವಾದರೆ ನೂಕುವ ಬಲ ಸಾಲದು. ಪ್ರತಿ ಸಲವೂ ಬಲೂನಿನ ಸುತ್ತಳತೆಯನ್ನು ದಾರದಿಂದ ಅಳೆದು ಒಂದೇ ಗಾತ್ರಕ್ಕೆ ಊದಬೇಕು. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು. ಮೂರು ಸಲ ಓಡಿಸಿ, ದೂರವನ್ನು ಅಳೆದು, ಸರಾಸರಿಯನ್ನು ಬರೆದಿಡಬೇಕು. ಹಿಟ್ಟು ಹುದುಗದ ದಿನ ನೀರೋ, ಅಕ್ಕಿಯೋ, ಹವೆಯೋ ಎಂದು ಒಂದೊಂದಾಗಿ ಪರೀಕ್ಷಿಸುವ ನಮ್ಮ ಅಡುಗೆಯವರಿಗೆ ಈ ಕ್ರಮ ಹೊಸತೇನಲ್ಲ. ಇದನ್ನು ಮಗುವಿಗೆ ಹೇಳಿಕೊಡಲು ಇಂಗ್ಲಿಷ್ ಬೇಕಾಗಿಲ್ಲ.

ಇನ್ನು ಗಾಡಿ ಓಡುವುದರ ಕಾರಣ. ಗಾಳಿ ಹಿಂದಕ್ಕೆ ನುಗ್ಗುವಾಗ ಗಾಡಿಯನ್ನು ಅಷ್ಟೇ ಬಲದಿಂದ ಮುಂದಕ್ಕೆ ನೂಕುತ್ತದೆ; ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೂರನೆಯ ನಿಯಮವಿದು. ಹೊರಬಂದ ಗಾಳಿ ಹೊರಗಿನ ಗಾಳಿಯನ್ನು ಒದ್ದು ಓಡುತ್ತದೆಂದು ಅನೇಕರು ಭಾವಿಸುವುದುಂಟು. ಪಂಡಿತರೂ ಇಲ್ಲಿ ಎಡವಿದ್ದಾರೆ. ಗಾಳಿಯಿಲ್ಲದ ಕಡೆ ರಾಕೆಟ್ ಚಲಿಸದೆಂದು 1920ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ತನ್ನ ಸಂಪಾದಕೀಯದಲ್ಲಿ ವಿಜ್ಞಾನಿ ಗಾಡರ್ಡರನ್ನು ಹಾಸ್ಯಮಾಡಿತು. ಅಪೊಲೊ 11 ಚಂದ್ರನತ್ತ ಹೊರಟ ಮರುದಿನ, 1969ರ ಜುಲೈ 17ರಂದು, ಆ ಪತ್ರಿಕೆ ತನ್ನ ತಪ್ಪನ್ನು ತಿದ್ದಿಕೊಂಡಿತು. ಸಂಪಾದಕರಿಗೆ ತಿಳಿಯದಿದ್ದುದನ್ನು ನಮ್ಮ ಮಕ್ಕಳು ಒಂದು ಬಲೂನಿನಿಂದ ತಿಳಿಯಬಲ್ಲರು.

ಈ ವಿದ್ಯೆ ನಮ್ಮ ನಾಡಿಗೆ ಪರಕೀಯವೂ ಅಲ್ಲ. 2018ರ ಜುಲೈಯಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹಾಳುಬಾವಿಯೊಂದರಿಂದ, ಟೀಪೂವಿನ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ಹೊರತೆಗೆದರು. ಕಬ್ಬಿಣದ ಕೊಳವೆಯ ಆ ಮೈಸೂರು ರಾಕೆಟ್‌ಗಳನ್ನು ಕಂಡೇ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್‌ಗಳನ್ನು ರೂಪಿಸಿದನು. ಅವನ್ನು ಮಾಡಿದವರು ನಮ್ಮ ನಾಡಿನ ಕೈಕಸುಬಿನ ಜನರು.

ಶಿಕ್ಷಕ ಮಹಾಶಯರಲ್ಲಿಯೂ ನಮ್ಮದೊಂದು ವಿನಂತಿಯಿದೆ. ಬಣ್ಣಕ್ಕೂ ಥಳಕಿಗೂ ಅಂಕ ಕೊಡದೆ, ಮಗು ಬರೆದಿಟ್ಟ ಅಳತೆಗಳಿಗೆ ಕೊಡಿರಿ. ಮುಂಬಯಿಯ ವಿಜ್ಞಾನ ಶಿಕ್ಷಕರ ಸಂಘ 6ನೆಯ ಮತ್ತು 9ನೆಯ ತರಗತಿಯವರಿಗೆ ನಡೆಸುವ ಹೋಮಿ ಭಾಭಾ ಬಾಲವಿಜ್ಞಾನಿ ಸ್ಪರ್ಧೆಯಲ್ಲಿ ಪ್ರಾಜೆಕ್ಟಿನ ಜೊತೆಗೆ ಸಂದರ್ಶನವೂ ಉಂಟು. ಅಲ್ಲಿ ಕೊಂಡ ಗಾಡಿ ಮಾತನಾಡದು. ಮಾಡಿದ ಮಗುವೇ ಮಾತನಾಡಬೇಕು.

ನಮ್ಮ ಕನ್ನಡ ಸಂಘಗಳು ಒಂದು ರವಿವಾರ ತಮ್ಮ ಸಭಾಗೃಹದ ನೆಲವನ್ನು ಮಕ್ಕಳಿಗೆ ಬಿಟ್ಟುಕೊಟ್ಟು ಬಲೂನಿನ ಗಾಡಿಗಳ ಓಟವನ್ನೇರ್ಪಡಿಸಲಿ. ಕೊಂಡ ಗಾಡಿಗೆ ಪ್ರವೇಶವಿಲ್ಲವೆಂಬುದೊಂದೇ ನಿಯಮವಿರಲಿ. ಮುಚ್ಚಳಗಳನ್ನೂ ರಟ್ಟನ್ನೂ ನಮ್ಮ ಹೋಟೆಲುಗಳು ಧಾರಾಳವಾಗಿ ಒದಗಿಸಬಲ್ಲವು. ಹೋಟೆಲ್ ಮಾಲಿಕರು ಆ ದಿನ ತಮ್ಮ ಕೆಲಸಗಾರರಿಗೆ ಎರಡು ತಾಸಿನ ಬಿಡುವನ್ನೂ ಕೊಡಬೇಕು. ಮಗುವಿನ ಗಾಡಿ ಓಡುವುದನ್ನು ನೋಡುವ ಹಕ್ಕು ತಂದೆಗಿದೆ.