ತುಂಬಿದ ಬಾಟಲಿ

ಮರುಭೂಮಿಯಲ್ಲಿ ಸೈಕಲ್ ತುಳಿದು ಬಂದೆ ಎಂದರೆ ಜನ ಕೇಳುವ ಮೊದಲ ಪ್ರಶ್ನೆ, ‘ಬಿಸಿಲು ಹೆಂಗಿತ್ತು?’ ಎರಡನೆಯದು, ‘ಮನೆಯವರು ಬಿಟ್ಟರಾ?’ ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಗಂಡಸರು ಕೇಳುವುದಿಲ್ಲ. ಹೆಂಗಸರು ಅಡುಗೆಮನೆಯ ತನಕ ಬಂದು, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಕೇಳುತ್ತಾರೆ: ‘ಅದಕ್ಕೆಲ್ಲಾ ಏನು ಮಾಡಿದ್ರಿ?’ ಈ ಬರಹ ಆ ಮೂರನೆಯ ಪ್ರಶ್ನೆಗೆ ಉತ್ತರ. ದನಿ ತಗ್ಗಿಸದೆ ಕೊಡುತ್ತಿರುವ ಉತ್ತರ.

ನಾನು ಬಾಗಲಕೋಟೆಯವಳು, ವಯಸ್ಸು 51, ಹೈಸ್ಕೂಲಿನಲ್ಲಿ ಟೀಚರು. ನಮ್ಮ ಬಾಗಲಕೋಟೆ, ವಿಜಯಪುರ ಸೀಮೆ ಸೈಕಲ್ ಪಟುಗಳಿಗೆ ಹೆಸರಾದದ್ದು. ನಮ್ಮ ಹುಡುಗಿಯರೂ ಪದಕ ತಂದಿದ್ದಾರೆ. ಆದರೂ ಮಕ್ಕಳ ಮದುವೆಯ ಮಾತಾಡುವ ವಯಸ್ಸಿನ ಹೆಂಗಸು ಸೈಕಲ್ ಹತ್ತಿದರೆ ಓಣಿ ಇನ್ನೂ ಹೊರಳಿ ನೋಡುತ್ತದೆ. ಮೊಣಕಾಲು ನೋವಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರಿಂದ ಶುರುವಾದದ್ದು, ನಾಲ್ಕು ವರ್ಷಗಳಲ್ಲಿ ಚಟವಾಯಿತು. ಕಳೆದ ಜನವರಿಯಲ್ಲಿ ಜೋಧಪುರದಿಂದ ಜೈಸಲ್ಮೇರಿಗೆ ಮೂರು ದಿನದ ಸವಾರಿಗೆ ಹೋದೆ. ತಂಡದಲ್ಲಿ 22 ಜನ. ಹೆಂಗಸರು ಆರು. ಆ ಮೂರನೆಯ ದಿನದ್ದಷ್ಟೇ ಹೇಳುತ್ತೇನೆ.

ಪೋಖರಣದಿಂದ ಜೈಸಲ್ಮೇರಿಗೆ ಸುಮಾರು 110 ಕಿಲೋಮೀಟರ್. ಬೆಳಿಗ್ಗೆ ಹೊರಟಾಗ ಹ್ಯಾಂಡಲ್ ಹಿಡಿದ ಬೆರಳು ಸೆಟೆಯುವಷ್ಟು ಚಳಿ. ಮರುಭೂಮಿಯೆಂದರೆ ಸಿನಿಮಾದ ಮರಳುದಿಬ್ಬ ಎಂದುಕೊಂಡವರಿಗೆ ಈ ದಾರಿ ನಿರಾಸೆಯೇ ಸರಿ. ದಿಬ್ಬಗಳಿರುವುದು ಜೈಸಲ್ಮೇರಿನಾಚೆ, ಸಮ್ ಕಡೆಗೆ. ಇಲ್ಲಿ ಕಲ್ಲುಬೆರೆತ ಬಯಲು, ಸೇವಣ ಹುಲ್ಲಿನ ಹಿಂಡಲು, ನಮ್ಮಲ್ಲಿಯದೇ ಎಕ್ಕದ ಗಿಡ, ಮೊಣಕಾಲೆತ್ತರದ ಮುಳ್ಳುಪೊದೆ. ಅಲ್ಲೊಂದು ಇಲ್ಲೊಂದು ಖೇಜಡಿ. ಹತ್ತಿರ ಹೋಗಿ ನೋಡಿದರೆ ಅದು ನಮ್ಮ ದಸರೆಯ ಬನ್ನಿ ಮರ! ಅಷ್ಟು ದೂರ ಹೋಗಿ ತವರಿನವರನ್ನು ಕಂಡಂತಾಯಿತು. ರಸ್ತೆ ಮಾತ್ರ ನುಣ್ಣಗೆ, ನೇರಕ್ಕೆ. ಸೈನ್ಯದ ಲಾರಿಗಳು ಸಾಲುಗಟ್ಟಿ ಹೋಗುತ್ತವೆ. ದೂರದಲ್ಲಿ ಗಾಳಿಯಂತ್ರಗಳ ರೆಕ್ಕೆ ತಿರುಗುತ್ತದೆ.

ಪೊದೆಯ ಎತ್ತರ ಹೇಳಿದೆನಲ್ಲ, ಅದನ್ನು ನೆನಪಿಟ್ಟುಕೊಳ್ಳಿ.

ನಮ್ಮ ಕೈಗೆ ಕೊಟ್ಟಿದ್ದ ಮುದ್ರಿತ ಹಾಳೆಯಲ್ಲಿ ಎಲ್ಲವೂ ಇತ್ತು. ಎಷ್ಟನೆಯ ಕಿಲೋಮೀಟರಿಗೆ ಚಹಾ, ಎಲ್ಲಿ ಪಂಕ್ಚರ್ ಸಾಮಾನು, ಎಲ್ಲಿ ನೀರು ತುಂಬಿಸಿಕೊಳ್ಳುವುದು, ಎಲ್ಲಿ ಊಟ. ಒಳಗೆ ಹೋದ ನೀರು ಹೊರಗೆ ಬರುವುದೆಲ್ಲಿ ಎಂಬುದು ಇರಲಿಲ್ಲ. ಇರಬೇಕೆಂದು ಬರೆದವರಿಗೆ ತೋಚಿಲ್ಲ. ಯಾಕೆ ತೋಚಬೇಕು? ಅವರು ಸೈಕಲ್ ನಿಲ್ಲಿಸಿ, ರಸ್ತೆಗೆ ಬೆನ್ನು ಮಾಡಿ ನಿಂತರೆ ಮುಗಿಯಿತು. ಅವರಿಗೆ ಇಡೀ ಜೈಸಲ್ಮೇರ್ ಜಿಲ್ಲೆಯೇ ಬಚ್ಚಲು.

ನಾವು ಆರು ಜನ ಹಿಂದಿನ ರಾತ್ರಿಯೇ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಒಂದೇ ತೀರ್ಮಾನಕ್ಕೆ ಬಂದಿದ್ದೆವು. ನೀರು ಕಡಿಮೆ ಕುಡಿಯುವುದು. ಬೆಳಗಿನ ಚಹಾವನ್ನು ಅರ್ಧಕ್ಕೇ ಬಿಟ್ಟೆವು. ದಾರಿಯಲ್ಲಿ ಬಾಟಲಿ ಎತ್ತಿ ತುಟಿ ಒದ್ದೆ ಮಾಡಿಕೊಂಡು ಇಟ್ಟೆವು. ಒಣಗಾಳಿಯಲ್ಲಿ ಬೆವರು ಕಾಣುವುದಿಲ್ಲ, ಬಂದಹಾಗೇ ಆರಿಹೋಗುತ್ತದೆ. ತೋಳಿನ ಮೇಲೆ ಬಿಳಿಯ ಉಪ್ಪು ಮಾತ್ರ ಉಳಿಯುತ್ತದೆ. ಮೈಯಿಂದ ಎಷ್ಟು ನೀರು ಹೋಯಿತೆಂದು ಮೈಗೇ ತಿಳಿಯುವುದಿಲ್ಲ.

ಖೇತೋಲಾಯಿ ದಾಟುವಾಗ ಯಾರೋ ಕೂಗಿ ಹೇಳಿದರು, ‘ಇಲ್ಲೇ ಹತ್ತಿರ ಅಣುಪರೀಕ್ಷೆ ಆಗಿದ್ದು!’ 1974ರಲ್ಲಿ ಒಮ್ಮೆ, 1998ರಲ್ಲಿ ಮತ್ತೊಮ್ಮೆ. ಎಲ್ಲರೂ ನಿಂತು ಫೋಟೊ ತೆಗೆಸಿಕೊಂಡರು. ಕಿಬ್ಬೊಟ್ಟೆ ಬಿಗಿಹಿಡಿದು ನಾನೂ ನಿಂತೆ. ಈ ಬಯಲಿನಲ್ಲಿ ಬಾಂಬು ಮುಚ್ಚಿಡಲು ಜಾಗ ಸಿಕ್ಕಿದೆ, ಆರು ಹೆಂಗಸರಿಗೆ ಐದು ನಿಮಿಷ ಮರೆಯಾಗಲು ಸಿಗಲಿಲ್ಲ ಎಂದು ಆಗ ಅನ್ನಿಸಿದ್ದು ಸುಳ್ಳಲ್ಲ.

ಲಾಠಿ ಕಳೆದು ಚಾಂದನ ಬಂತು. ಇಲ್ಲೊಂದು ಕೊಳವೆಬಾವಿಯಿದೆ. ಅದರ ಸಿಹಿನೀರಿನಿಂದಾಗಿ ಜನ ಅದನ್ನು ‘ಥಾರಿನ ಕೊಡ’ ಎನ್ನುತ್ತಾರೆ. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬೀಳದ ನಾಡಿನಲ್ಲಿ ನೆಲದಡಿ ಅಷ್ಟು ನೀರು. ಆ ಕೊಡದ ಊರು ದಾಟಿ ಸ್ವಲ್ಪದರಲ್ಲೇ ನಮ್ಮವಳೊಬ್ಬಳು ನೀರಿಲ್ಲದೆ ಬಿದ್ದಳು. ಹುಬ್ಬಳ್ಳಿಯ ಹುಡುಗಿ, ಮೂವತ್ತೂ ತುಂಬಿರಲಿಲ್ಲ, ನಮ್ಮೆಲ್ಲರಿಗಿಂತ ಗಟ್ಟಿಗಿತ್ತಿ. ಮೊದಲು ಮೀನಖಂಡ ಹಿಡಿದುಕೊಂಡಿತು. ಆಮೇಲೆ ಕಣ್ಣು ಕತ್ತಲಿಟ್ಟು ಸೈಕಲ್ ಸಮೇತ ರಸ್ತೆ ಬದಿಗೆ ವಾಲಿದಳು.

ತಂಡದ ನಾಯಕರು ಓಡಿ ಬಂದರು. ಕೆಟ್ಟ ಮನುಷ್ಯರಲ್ಲ ಅವರು, ಮೂರು ದಿನವೂ ನಮ್ಮ ಸೈಕಲ್ಲಿನ ಗಾಳಿ ತಾವೇ ನೋಡಿದವರು. ಬಂದವರೇ, ‘ನೀರು ಕುಡೀರಿ ಅಂತ ನೂರು ಸಲ ಹೇಳಿಲ್ವೇನಮ್ಮಾ?’ ಎಂದು ಗದರಿದರು. ಇನ್ನೊಬ್ಬರು ಪಕ್ಕದಲ್ಲಿ ನಿಂತು, ‘ಹೆಂಗಸರಿಗೆ ಮೂರು ಅಂಕಿಯ ದೂರ ಸ್ವಲ್ಪ ಹೆಚ್ಚೇ’ ಎಂದು ಮರುಕಪಟ್ಟರು. ಅವಳ ಸೈಕಲ್ಲಿನಲ್ಲಿ ಎರಡು ಬಾಟಲಿ ಇದ್ದವು. ತೆಗೆದು ನೋಡಿದೆ. ಎರಡೂ ತುಂಬಿದ್ದವು!

ನಾನು ಸಾಮಾನ್ಯವಾಗಿ ಜಗಳಗಂಟಿಯಲ್ಲ. ಅವತ್ತು ಆ ಎರಡು ಬಾಟಲಿ ಅವರ ಮುಂದೆ ಹಿಡಿದು ಕೇಳಿದೆ: ‘ಇವಳು ಕುಡಿಯದೇ ಇದ್ದದ್ದು ಯಾಕೆ, ಗೊತ್ತೇನ್ರಿ?’ ಗೊತ್ತಿರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ! ಹೇಳಿದ ಮೇಲೆ ಒಬ್ಬರು ನಕ್ಕರು, ಒಬ್ಬರು ಮೊಬೈಲ್ ನೋಡತೊಡಗಿದರು. ನಾಯಕರು ಮಾತ್ರ, ‘ಹೇಳಬೇಕಿತ್ತಲ್ಲ’ ಎಂದರು.

ಆ ಮಾತು ನನಗೆ ಇನ್ನೂ ಚುಚ್ಚುತ್ತದೆ, ಯಾಕೆಂದರೆ ಅರ್ಧ ನಿಜ. ನಾವು ಹೇಳುವುದಿಲ್ಲ. ಹೇಳದಿರುವುದನ್ನು ನಮಗೆ ಕಲಿಸಿದ್ದಾರೆ, ನಾವೂ ಕಲಿಸಿದ್ದೇವೆ. ನನ್ನ ಮಗಳಿಗೆ ಹತ್ತು ವರ್ಷವಿದ್ದಾಗ ಬಸ್ಸು ಹತ್ತುವ ಮೊದಲು ‘ನೀರು ಕುಡೀಬ್ಯಾಡ, ದಾರ್‍ಯಾಗ ತ್ರಾಸ ಆಗ್ತೈತಿ’ ಎಂದು ಲೋಟ ಕಸಿದಿಟ್ಟವಳು ನಾನೇ. ನನ್ನ ತಾಯಿ ನನಗೆ ಹೇಳಿದ್ದೂ ಅದನ್ನೇ. ನಮ್ಮ ಮನೆಗಳಲ್ಲಿ ಇದು ಕೈಬಳೆಯಂತೆ ತಲೆಮಾರಿನಿಂದ ತಲೆಮಾರಿಗೆ ಬಂದಿದೆ. ಮರುಭೂಮಿಗೆ ಹೋಗಿ ಬಿದ್ದಾಗ ಅದು ಎದ್ದು ಕಂಡಿತು, ಅಷ್ಟೇ. ಬಾಗಲಕೋಟೆಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಕಾಣುವುದಿಲ್ಲ.

2023ರ ಜೂನ್‌ನಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಬಿಟ್ಟಿಯಾಯಿತು. ಒಳ್ಳೆಯದೇ ಆಯಿತು. ಅದನ್ನು ಹೀಯಾಳಿಸುವವರ ಜೊತೆ ನಾನಿಲ್ಲ. ಆದರೆ ಬಿಟ್ಟಿ ಟಿಕೆಟ್ಟಿನಲ್ಲಿ ಹೋಗಿ ಇಳಿದ ಒಂದು ನಿಲ್ದಾಣದಲ್ಲಿ ಗಂಡಸರ ಮೂತ್ರಿಗೆ ದುಡ್ಡಿಲ್ಲ, ಹೆಂಗಸರಿಗೆ ಹತ್ತು ರೂಪಾಯಿ. ಕೇಳಿದರೆ, ‘ನಿಮಗೆ ಬಾಗಿಲು ಬೇಕಲ್ರೀ, ನೀರು ಬೇಕಲ್ರೀ’ ಎಂಬ ಜವಾಬು. ಚುನಾವಣೆ ಡ್ಯೂಟಿಗೆ ಹೋದ ಟೀಚರುಗಳನ್ನು ಕೇಳಿ, ಸಂತೆಯಲ್ಲಿ ಇಡೀ ದಿನ ಕೂತು ತರಕಾರಿ ಮಾರುವವರನ್ನು ಕೇಳಿ. ಆಮೇಲೆ ಉರಿಮೂತ್ರವೆಂದು ಡಾಕ್ಟರ ಬಳಿ ಹೋದರೆ ಅವರೂ ಹೇಳುವುದು, ‘ನೀರು ಕುಡೀರಿ ತಾಯಿ.’ ಇದನ್ನೆಲ್ಲ ನುಂಗಿಕೊಂಡವಳಿಗೆ ‘ಸಹನಾಮೂರ್ತಿ’ ಎಂದು ಬಿರುದು ಬೇರೆ! ಸಹನೆಯಲ್ಲ ಸ್ವಾಮಿ, ಅದು ಬಾಗಿಲಿಲ್ಲದ್ದು.

‘ಅಷ್ಟು ತೊಂದರೆಯಿದ್ದರೆ ಮನೆಯಲ್ಲೇ ಇರಬಹುದಲ್ಲ’ ಎನ್ನುವವರೂ ಇದ್ದಾರೆ. ಅಂದರೆ ಬಾಗಿಲೊಂದು ಇಲ್ಲವೆಂದು ನಾವು ಇಡೀ ದೇಶವನ್ನು ಬಿಟ್ಟುಕೊಡಬೇಕು! ಗಂಡಸರ ಸೈಕಲ್ ಪಂಕ್ಚರಾದರೆ ಯಾರೂ ‘ಮನೆಯಲ್ಲಿರು’ ಎನ್ನುವುದಿಲ್ಲ, ಪಂಪು ತರುತ್ತಾರೆ.

ಇರಲಿ, ಮತ್ತೆ ಆ ರಸ್ತೆಗೆ ಬರುತ್ತೇನೆ. ಹುಬ್ಬಳ್ಳಿಯ ಹುಡುಗಿಯನ್ನು ಹಿಂದಿನ ಗಾಡಿಯಲ್ಲಿ ಮಲಗಿಸಿ, ಉಪ್ಪು ಸಕ್ಕರೆಯ ನೀರು ಕೊಟ್ಟೆವು. ರಸ್ತೆಯಿಂದ ತುಸು ಒಳಗೆ ನಾಲ್ಕೈದು ಮನೆಗಳ ಢಾಣಿ ಕಂಡಿತು. ನಾವು ಉಳಿದ ಐವರು, ನಾಯಕರ ಅಪ್ಪಣೆ ಕೇಳದೆ, ಸೈಕಲ್ ತಳ್ಳಿಕೊಂಡು ಅಲ್ಲಿಗೆ ನಡೆದೆವು. ಗೂಂಗಟ ಎಳೆದುಕೊಂಡಿದ್ದ ಹೆಂಗಸೊಬ್ಬಳು ಹೊರಬಂದಳು. ನನ್ನ ಹರಕು ಹಿಂದಿ ಅವಳಿಗೆ ಅರ್ಥವಾಯಿತೋ, ಮುಖವೋ ತಿಳಿಯದು. ಮಾತಾಡದೆ ಮುಳ್ಳುಬೇಲಿಯ ಹಿಂದಿದ್ದ ಕಕ್ಕಸಿನ ಚಿಲಕ ತೆಗೆದಳು. ಆಮೇಲೆ ಅಂಗಳದ ಟಾಂಕಾ, ಅಂದರೆ ಮಳೆನೀರು ತುಂಬಿಡುವ ನೆಲದ ತೊಟ್ಟಿ, ಅದರ ಮುಚ್ಚಳ ಸರಿಸಿ ನೀರು ಸೇದಿದಳು. ಒಬ್ಬೊಬ್ಬರಿಗೆ ಒಂದೊಂದು ತಂಬಿಗೆ. ಆ ನೀರು ಎಷ್ಟು ತಿಂಗಳು ಬರಬೇಕಾಗಿತ್ತೋ! ನಾಲ್ಕನೆಯ ತಂಬಿಗೆ ತುಂಬುವಾಗ ನನಗೆ ನಾಚಿಕೆಯಾಯಿತು. ದುಡ್ಡು ಕೊಡಹೋದರೆ ಕೈ ಹಿಂದಕ್ಕೆಳೆದುಕೊಂಡಳು.

ಅಲ್ಲಿಂದ ಮುಂದೆ ನಾವು ಹೊಟ್ಟೆ ತುಂಬ ನೀರು ಕುಡಿದು ತುಳಿದೆವು. ಹಗುರಾಗಿ, ಏನೇನೋ ಹಾಡಿಕೊಂಡು. ಸಂಜೆ ಬಿಸಿಲಿಗೆ ಜೈಸಲ್ಮೇರಿನ ಕೋಟೆ ಹಳದಿಯಾಗಿ ಕಂಡಾಗ ನಾವು ಐವರೂ ಮುಂದಿನ ಗುಂಪಿನಲ್ಲೇ ಇದ್ದೆವು.

ಮರುದಿನ ಬೆಳಿಗ್ಗೆ ಗಡೀಸರ ಕೆರೆಗೆ ಕರೆದೊಯ್ದರು. ಕೆರೆಗಿಳಿಯುವ ದಾರಿಯ ದೊಡ್ಡ ಬಾಗಿಲನ್ನು ಟೀಲೋ ಎಂಬ ವೇಶ್ಯೆ ಕಟ್ಟಿಸಿದಳಂತೆ. ಅಂಥವಳ ಬಾಗಿಲಡಿ ಅರಮನೆಯವರು ಹಾದುಹೋಗುವುದೇ ಎಂದು ರಾಜ ತಕರಾರು ತೆಗೆದಾಗ, ಒಡೆಯಲಾಗದಂತೆ ಅದರ ಮೇಲೊಂದು ಕೃಷ್ಣನ ಗುಡಿ ಕಟ್ಟಿಸಿಬಿಟ್ಟಳೆಂದು ಕಥೆ. ಹುಬ್ಬಳ್ಳಿಯ ಹುಡುಗಿ ಚೇತರಿಸಿಕೊಂಡಿದ್ದಳು. ಕಥೆ ಕೇಳಿ ಜೋರಾಗಿ ನಕ್ಕಳು.

ಹೊರಡುವಾಗ ನಾಯಕರು ಎಲ್ಲರಿಗೂ ಒಂದು ಹಾಳೆ ಕೊಟ್ಟರು. ‘ಮುಂದಿನ ವರ್ಷಕ್ಕೆ ಸಲಹೆಗಳು’ ಎಂದು ಕೆಳಗೆ ಎರಡು ಗೆರೆಯ ಜಾಗ. ನಾನು ಹಾಳೆಯ ಹಿಂಬದಿಯನ್ನೂ ತುಂಬಿಸಿ, ಪಕ್ಕದವಳ ಹಾಳೆಯನ್ನೂ ಇಸಿದುಕೊಂಡೆ.