ಯಂತ್ರ ಸಾಕು, ನೋವು ಬಲ್ಲವರು ಬೇಕು



ಈ ಸಲವೂ ನಮ್ಮ ಡಾಲರ್ ದೇಣಿಗೆ ಊರಿನ ಆಸ್ಪತ್ರೆಗೆ ಯಂತ್ರ ಕೊಡಿಸಲಿಕ್ಕೇ ಅಂತೆ. ನನ್ನ ತಕರಾರಿದೆ.

2019ರಲ್ಲಿ ಅಪ್ಪ ಕ್ಯಾನ್ಸರ್‌ನಿಂದ ತೀರಿಕೊಂಡ ಆಸ್ಪತ್ರೆಯಲ್ಲಿ ಯಂತ್ರಗಳಿಗೇನೂ ಕೊರತೆ ಇರಲಿಲ್ಲ. ಮಾರ್ಫಿನ್ ಬರೆಯುವ ಧೈರ್ಯವಿದ್ದ ಡಾಕ್ಟರು ಇರಲಿಲ್ಲ. 'ಚಟ ಹತ್ತುತ್ತೆ ಸಾರ್' ಅಂದರು. ಇನ್ನು ಹದಿನೈದು ದಿನ ಬದುಕುವವರಿಗೆ! 1985ರ ಮಾದಕವಸ್ತು ಕಾಯ್ದೆ ವೈದ್ಯರನ್ನು ಹೆದರಿಸಿಟ್ಟಿದ್ದು ನಿಜ. ಆದರೆ 2014ರಲ್ಲೇ ತಿದ್ದುಪಡಿಯಾಗಿ ಪರವಾನಗಿಯ ಗೋಜಲು ಕಡಿಮೆಯಾಗಿತ್ತು. ಕಾಯ್ದೆ ಬದಲಾದರೂ ಅವರಿಗೆ ಹೊಸ ಪಾಠ ಹೇಳಿಕೊಟ್ಟವರಿಲ್ಲ.

'ಕಾಲು ಉರೀತದೆ, ಕರೆಂಟ್ ಹೊಡೆದ ಹಾಗೆ' ಅಂತ ಅಪ್ಪ ಫೋನಿನಲ್ಲಿ ನರಳುತ್ತಿದ್ದರು. ಅದು ನರದ ನೋವಿನ ಲಕ್ಷಣ, ಅದಕ್ಕೆ ಬೇರೆ ಮಾತ್ರೆಯೂ ಬೇಕಾಗಬಹುದು ಎಂದು ಪ್ಯಾಲಿಯೇಟಿವ್ ಕೇರ್ ಕಲಿತ ನರ್ಸ್ ಒಬ್ಬರಿದ್ದಿದ್ದರೆ ಹೊಳೆಯುತ್ತಿತ್ತು. ಅಲ್ಲಿನ ಚೀಟಿಯಲ್ಲಿದ್ದದ್ದು ಒಂದೇ ಪದ: ಪೇನ್. ಉರಿ, ಸೆಳೆತ, ಚುಚ್ಚು, ಹಿಂಡು ಅಂತ ನಮ್ಮ ಜನ ಹೇಳುವುದರಲ್ಲೇ ಅರ್ಧ ರೋಗನಿರ್ಣಯ ಇದೆ. ಅದನ್ನು ಕೇಳಿಸಿಕೊಳ್ಳಲು ಕಲಿಸಬೇಕು, ಕನ್ನಡದಲ್ಲೇ.

ಬೆಂಗಳೂರಿನ ಕರುಣಾಶ್ರಯ 1999ರಿಂದ ಇಂಥ ರೋಗಿಗಳನ್ನು ನೋಡಿಕೊಳ್ಳುತ್ತಿದೆ. ತಾಲ್ಲೂಕಿನ ನರ್ಸ್‌ಗಳು, ಡಾಕ್ಟರುಗಳು ಅಂಥ ಅನುಭವಿಗಳಿಂದ ಕೆಲವು ವಾರ ಕಲಿಯುವ ಖರ್ಚನ್ನು ನಾವು ಕೊಡೋಣ. ಗೋಡೆ ಮೇಲೆ ನಮ್ಮ ಹೆಸರಿನ ಫಲಕ ಬರುವುದಿಲ್ಲ, ಅಷ್ಟೇ. ಮುಂದಿನ ಸಭೆಯಲ್ಲಿ ಇದನ್ನೇ ಎತ್ತುತ್ತೇನೆ. ಬೈಯುವವರು ಈಗಲೇ ಬರೆಯಿರಿ.