ಅಮೆರಿಕ ನೋಡಬೇಕೇ? ಮೊದಲು ಸಿಂದಗಿ ಬಸ್ಸು ಹತ್ತಿ!

ಟಾಕೀಸಿನಿಂದ ಹೊರಗೆ ಬಂದ ಅರ್ಧ ತಾಸಿಗೆ ಕಥೆ ಮರೆತುಹೋಗುತ್ತದೆ. ಹಾಡು ನಾಲ್ಕು ದಿನ ನಾಲಿಗೆ ಮೇಲಿರುತ್ತದೆ. ಆದರೆ ಹೀರೋ ನಿಂತಿದ್ದ ಆ ಬಂಡೆ, ಹೀರೋಯಿನ್ ನೆನೆದ ಆ ಜಲಪಾತ, ವಿಲನ್ ಜೋತುಬಿದ್ದ ಆ ಸೇತುವೆ ಇವೆಯಲ್ಲ, ಅವು ಮಾತ್ರ ಕಣ್ಣು ಬಿಟ್ಟು ಹೋಗುವುದೇ ಇಲ್ಲ! "ಅದು ಎಲ್ಲೈತ್ರಿ? ಅಲ್ಲಿಗೆ ಹೋಗೂದು ಹ್ಯಾಂಗ?" ಎಂಬುದೇ ಸಿನಿಮಾ ಹುಚ್ಚಿನ ಹುಡುಗರ ನಿತ್ಯದ ಪ್ರಶ್ನೆ. ಅದು ಅಮೆರಿಕದಲ್ಲಿದೆ ಎಂದು ಗೊತ್ತಾದರೆ ಮುಗಿಯಿತು, ರಾತ್ರಿ ನಿದ್ದೆ ಇಲ್ಲ!

ಅಮೆರಿಕ ಖಂಡಿತ ನೋಡುವಂಥ ದೇಶ. ಬೇಡ ಎನ್ನಲು ನಾವ್ಯಾರು? ಪಾಸ್‌ಪೋರ್ಟು, ವೀಸಾ, ಲಕ್ಷಗಟ್ಟಲೆ ಟಿಕೇಟಿನ ಹಣ ಕೂಡಿಬಂದವರು ಹೋಗಿ ಬನ್ನಿ. ಆದರೆ ಮೋರಟಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಈ ಪುಟ ಓದುತ್ತಿರುವ ಗೆಳೆಯರೇ, ಈ ವಾರ ಒಂದು ಆಟ ಆಡೋಣ. ಅಲ್ಲಿನದೊಂದು, ಇಲ್ಲಿನದೊಂದು ಹೀಗೆ ಜೋಡಿ ಜೋಡಿಯಾಗಿ ಇಟ್ಟು ನೋಡೋಣ. ಯಾವ ಜೋಡಿ ಹೌಸ್‌ಫುಲ್, ನೀವೇ ಹೇಳಿ.

ಮೆಕೆನ್ನಾನ ಬಂಡೆ, ರಾಮಾಚಾರಿಯ ಕೋಟೆ

'ಮೆಕೆನ್ನಾಸ್ ಗೋಲ್ಡ್' (1969) ಚಿತ್ರವನ್ನು ನಿಮ್ಮಪ್ಪ, ದೊಡ್ಡಪ್ಪಂದಿರು ಎಷ್ಟು ಸಲ ನೋಡಿದ್ದಾರೆ ಕೇಳಿ. ಗ್ರೆಗರಿ ಪೆಕ್, ಓಮರ್ ಷರೀಫ್ ಹೆಸರು ಮರೆತಿರಬಹುದು. ಸೂರ್ಯ ಹುಟ್ಟುವಾಗ ಒಂದು ನೀಳ ಬಂಡೆಯ ನೆರಳು ಹರಿದು ಹರಿದು ಹೋಗಿ ಚಿನ್ನದ ಕಣಿವೆಗೆ ದಾರಿ ತೋರಿಸುವುದನ್ನು ಮಾತ್ರ ಯಾರೂ ಮರೆತಿಲ್ಲ. ಆ ಬಂಡೆ ಸುಳ್ಳಲ್ಲ. ಅರಿಜೋನಾ ರಾಜ್ಯದ ಕ್ಯಾನ್ಯನ್ ಡಿ ಶೇ ಎಂಬಲ್ಲಿ ಇಂದಿಗೂ ನಿಂತಿದೆ. ಹೆಸರು ಸ್ಪೈಡರ್ ರಾಕ್, ಅಂದರೆ ಜೇಡರ ಬಂಡೆ. ಅದಿರುವ ನೆಲ ನವಾಹೋ ಎಂಬ ಮೂಲನಿವಾಸಿಗಳದ್ದು.

ಅದೇ ನವಾಹೋ ಜನರ ಇನ್ನೊಂದು ನೆಲ ಮಾನ್ಯುಮೆಂಟ್ ವ್ಯಾಲಿ. ಕೆಂಪು ಮರಳಿನ ಬಯಲಿನಲ್ಲಿ ಎತ್ತೆತ್ತರದ ಒಂಟಿ ಗುಡ್ಡಗಳು. ನಿರ್ದೇಶಕ ಜಾನ್ ಫೋರ್ಡ್ 1939ರ 'ಸ್ಟೇಜ್‌ಕೋಚ್' ಚಿತ್ರಕ್ಕಾಗಿ ಅಲ್ಲಿ ಕ್ಯಾಮರಾ ಇಟ್ಟರು. ಮುಂದೆ ಮತ್ತೆ ಮತ್ತೆ ಅಲ್ಲಿಗೇ ಹೋದರು. ಕೌಬಾಯ್ ಚಿತ್ರ ಎಂದರೆ ಜಗತ್ತಿಗೆಲ್ಲ ಆ ಗುಡ್ಡಗಳೇ ಕಣ್ಣೆದುರು ಬರುವಂತಾಯಿತು. ಬಂಡೆಗೆ ಡೈಲಾಗ್ ಇಲ್ಲ, ಸಂಭಾವನೆ ಇಲ್ಲ. ಆದರೂ ಅದೇ ಹೀರೋ!

ಇಂಥದ್ದನ್ನು ನಮ್ಮಲ್ಲಿ ಮಾಡಿ ತೋರಿಸಿದವರು ಚಿತ್ರಬ್ರಹ್ಮ ಪುಟ್ಟಣ್ಣ ಕಣಗಾಲ್. 1972ರ 'ನಾಗರಹಾವು' ಬರುವ ಮುಂಚೆ ಚಿತ್ರದುರ್ಗದ ಕೋಟೆ ಚರಿತ್ರೆಯ ಪುಸ್ತಕದಲ್ಲಿತ್ತು. ಬಂದ ಮೇಲೆ ಹುಡುಗರ ಎದೆಯೊಳಗೆ ಬಂತು. ವಿಷ್ಣುವರ್ಧನ್ ಎಂಬ ಹೊಸ ಹುಡುಗ ರಾಮಾಚಾರಿಯಾಗಿ ಆ ಹೆಬ್ಬಂಡೆಗಳ ನಡುವೆ ನಿಂತ ನೋಡಿ! ಜಯಂತಿಯವರು ಒನಕೆ ಹಿಡಿದು ಓಬವ್ವನಾಗಿ ನಿಂತರು ನೋಡಿ! ಇಂದಿಗೂ ದುರ್ಗಕ್ಕೆ ಹೋದವರು ಮೊದಲು ಕೇಳುವುದು, "ಓಬವ್ವನ ಕಿಂಡಿ ಎಲ್ಲಿ?"

ಮೂರು ವರ್ಷ ಬಿಟ್ಟು 1975ರಲ್ಲಿ 'ಶೋಲೆ' ಬಂತು. ಗಬ್ಬರ್‌ಸಿಂಗ್ ಹೆಜ್ಜೆ ಹಾಕಿದ ಬಂಡೆಗಳು ಚಂಬಲ್ ಕಣಿವೆಯವಲ್ಲ, ನಮ್ಮ ರಾಮನಗರದ ರಾಮದೇವರ ಬೆಟ್ಟದವು. ಆ ಕಲ್ಲಿಗೆ ಭೂವಿಜ್ಞಾನಿಗಳು ಊರಿನ ಹಳೆಯ ಹೆಸರು ಹಿಡಿದು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ನಿನ ತಳಕ್ಕೆ ಇಳಿದರೂ ಸಿಗುವ ಕಲ್ಲು 180 ಕೋಟಿ ವರ್ಷದ ಆಸುಪಾಸಿನದು. ಅಂದರೆ ಗಬ್ಬರನ ಬಂಡೆ ಎಲ್ಲದಕ್ಕೂ ಹಿರಿಯಣ್ಣ!

ಬ್ರಹ್ಮ, ವಿಷ್ಣು, ಮಹೇಶ್ವರರ ಕಣಿವೆ

ಗ್ರ್ಯಾಂಡ್ ಕ್ಯಾನ್ಯನ್ ಹೆಸರು ಬಂತಲ್ಲ, ಅದನ್ನೂ ಹೇಳಿಬಿಡೋಣ. ಕೊಲೊರಾಡೋ ನದಿ ಕೊರೆದ ಕಮರಿ ಅದು. ಉದ್ದ 446 ಕಿಲೋಮೀಟರು. ಅಗಲ ಕೆಲವು ಕಡೆ 29 ಕಿಲೋಮೀಟರು. ಆಳ ಕೆಲವೆಡೆ 6000 ಅಡಿ! ಅದರೊಳಗಿನ ಶಿಖರಗಳ ಹೆಸರು ಕೇಳಿದರೆ ನೀವು ಬೆಚ್ಚಿಬೀಳುತ್ತೀರಿ. ಒಂದು ಬ್ರಹ್ಮ ಟೆಂಪಲ್, ಒಂದು ವಿಷ್ಣು ಟೆಂಪಲ್, ಮತ್ತೊಂದು ಶಿವ ಟೆಂಪಲ್! ಅಲ್ಲಿ ಗುಡಿಯೂ ಇಲ್ಲ, ಪೂಜಾರಿಯೂ ಇಲ್ಲ. 1880ರ ಸುಮಾರಿಗೆ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿಗೆ ಆ ಶಿಖರಗಳು ಪೂರ್ವದೇಶದ ದೇವಾಲಯಗಳಂತೆ ಕಂಡವು, ಹಾಗೇ ಹೆಸರಿಟ್ಟ. ತಳದ ಹಳೆಯ ಕಲ್ಲಿಗೂ ವಿಷ್ಣುವಿನ ಹೆಸರೇ ನಿಂತಿದೆ.

ಅರಿಜೋನಾದ ಕಲ್ಲಿನಲ್ಲಿ ಅವನು ಗುಡಿಯನ್ನು ಊಹಿಸಿಕೊಂಡ. ಬಾದಾಮಿಯ ಕಲ್ಲಿನಲ್ಲಿ ನಮ್ಮವರು ಗುಡಿಯನ್ನೇ ಕೊರೆದಿಟ್ಟರು. ಅದೇ ಕೆಂಪು ಮರಳುಗಲ್ಲು, ಸಂಜೆ ಬಿಸಿಲಿಗೆ ಅದೇ ಬೆಂಕಿ ಬಣ್ಣ. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಚಾಲುಕ್ಯ ಮಂಗಳೇಶ ಮಾಡಿಸಿದ ವಿಷ್ಣುವಿನ ನೆಲೆ ಅದು. ಒಂದನೇ ಗುಹೆಯ ಬಳಿ ಹದಿನೆಂಟು ಕೈಯ ನಟರಾಜ ಕುಣಿಯುತ್ತಿದ್ದಾನೆ, ಯಾವ ಡ್ಯಾನ್ಸ್ ಮಾಸ್ಟರೂ ಕಲಿಸಲಾರದ ಭಂಗಿ! ಕೆಳಗೆ ಅಗಸ್ತ್ಯ ತೀರ್ಥ, ಅದರ ದಂಡೆಗೆ ಭೂತನಾಥನ ಗುಡಿ. ಬಂಡೆ ಹತ್ತುವ ಸಾಹಸಿಗರು ದೇಶವಿದೇಶಗಳಿಂದ ಬಾದಾಮಿಗೆ ಬರುತ್ತಾರೆ. ನಮಗೆ ವಿಜಯಪುರದಿಂದ ರೈಲೂ ಉಂಟು, ಬಸ್ಸೂ ಉಂಟು. ಒಂದೇ ಎಚ್ಚರಿಕೆ: ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿದು ಗುಹೆಯ ಮೆಟ್ಟಿಲು ಹತ್ತಬೇಡಿ. ಅಲ್ಲಿನ ಮಂಗ್ಯಾಗಳಿಗೆ ಫೈಟಿಂಗ್ ಮಾಸ್ಟರ್ ಬೇಕಿಲ್ಲ!

ನಯಾಗರಾಕ್ಕೆ ಗೋಕಾಕದ ಉತ್ತರ

ಮರ್ಲಿನ್ ಮನ್ರೋ 'ನಯಾಗರಾ' (1953) ಚಿತ್ರದಲ್ಲಿ ಬಂದಳು, ಜಲಪಾತ ದೊಡ್ಡದೋ ಅವಳ ಮೋಡಿ ದೊಡ್ಡದೋ ಎಂದು ಜನ ವಾದಕ್ಕಿಳಿದರು. ಅಲ್ಲಿನ ಕುದುರೆಲಾಳದ ಆಕಾರದ ಅಬ್ಬಿಯ ಎತ್ತರ ಸುಮಾರು 57 ಮೀಟರು. ನಮ್ಮ ಘಟಪ್ರಭೆ ಗೋಕಾಕದಲ್ಲಿ ಧುಮುಕುವುದು 52 ಮೀಟರು, ಅದೂ ಕುದುರೆಲಾಳದ ಆಕಾರದಲ್ಲೇ! ಶರಾವತಿ ಜೋಗದಲ್ಲಿ ಬೀಳುವುದು 253 ಮೀಟರು, ಅಂದರೆ ನಯಾಗರಾದ ನಾಲ್ಕು ಪಟ್ಟಿಗೂ ಹೆಚ್ಚು.

ಹಾಗೆಂದು ಸಿಳ್ಳೆ ಹೊಡೆದು ಗೆದ್ದೆವು ಎನ್ನಬೇಡಿ. ನ್ಯಾಯ ನ್ಯಾಯವೇ. ನಯಾಗರಾದ ಅಗಲ, ವರ್ಷವಿಡೀ ಸುರಿಯುವ ಆ ನೀರಿನ ರಾಶಿ ನಮ್ಮಲ್ಲಿಲ್ಲ. ಗೋಕಾಕ, ಜೋಗ ಎರಡೂ ಮಳೆಗಾಲದ ಸ್ಟಾರ್‌ಗಳು. ಜೋಗದ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು 1964ರಿಂದ ನೀರು ಹಿಡಿದಿಟ್ಟುಕೊಂಡಿದೆ. ಬೇಸಗೆಯಲ್ಲಿ ಹೋದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ಮೇಕಪ್ ತೆಗೆದು ಕೂತ ಕಲಾವಿದರಂತೆ ಸೊರಗಿರುತ್ತಾರೆ. ಯೋಗರಾಜ ಭಟ್ಟರು 'ಮುಂಗಾರು ಮಳೆ' (2006) ಚಿತ್ರದಲ್ಲಿ ತೋರಿಸಿದ ಜೋಗ ಬೇಕಾದರೆ ಆ ಚಿತ್ರದ ಹೆಸರೇ ನಿಮ್ಮ ಕ್ಯಾಲೆಂಡರ್. ಮಳೆ ಹಿಡಿದಾಗಲೇ ಹೋಗಿ.

ಮುಳುಗಿದ ಮೇಲೆ ಟಿಕೇಟು ಇಲ್ಲ

'ಪ್ಲಾನೆಟ್ ಆಫ್ ದಿ ಏಪ್ಸ್' (1968) ನೋಡಿದವರಿಗೆ ಗೊತ್ತು. ಗಗನನೌಕೆ ಬಂದು ಬೀಳುವುದು ಕೆಂಪು ಬಂಡೆಗಳ ನಡುವಿನ ಒಂದು ವಿಶಾಲ ನೀರಿನಲ್ಲಿ. ಅದು ಲೇಕ್ ಪೊವೆಲ್. ಚಿತ್ರ ತೆಗೆದಾಗ ಆ ಸರೋವರಕ್ಕೆ ಹುಟ್ಟಿ ನಾಲ್ಕೈದು ವರ್ಷ ಅಷ್ಟೇ! 1963ರಲ್ಲಿ ಕೊಲೊರಾಡೋ ನದಿಗೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಬಾಗಿಲು ಹಾಕಿದರು. ಗ್ಲೆನ್ ಕ್ಯಾನ್ಯನ್ ಎಂಬ ಸುಂದರ ಕಮರಿ ಮೆಲ್ಲಗೆ ನೀರೊಳಗೆ ಹೋಯಿತು. ಆಮೇಲೆ ಅಮೆರಿಕದವರೇ ಎಷ್ಟೋ ಜನ ಹಲುಬಿದರು, ಇರುವಾಗ ನೋಡಲಿಲ್ಲವಲ್ಲ ಎಂದು.

ಈ ಸಂಕಟವನ್ನು ಕೃಷ್ಣೆಯ ದಂಡೆಯವರಿಗೆ ಬಿಡಿಸಿ ಹೇಳಬೇಕೇ? ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ನೀರು ಬಂತು, ಒಣ ಹೊಲಕ್ಕೆ ಹಸಿರು ಬಂತು. ಅದರ ಜೊತೆಗೆ ಊರಿಗೆ ಊರೇ ಹೋದವು, ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪ ಮುಳುಗದಿರಲೆಂದು ಸುತ್ತ ಬಾವಿಯಂತೆ ಗೋಡೆ ಕಟ್ಟಿದರು. ಇಂದು ಮೆಟ್ಟಿಲು ಇಳಿದು ಹೋಗಿ ನೋಡಬೇಕು. ಆ ಮೆಟ್ಟಿಲು ಇಳಿಯುವಾಗ ಸುತ್ತ ಎಷ್ಟು ನೀರಿದೆ ಎಂದು ಒಮ್ಮೆ ನೆನೆಸಿಕೊಳ್ಳಿ. ಯಾವುದನ್ನು ಉಳಿಸಿಕೊಂಡೆವು, ಯಾವುದನ್ನು ಬಿಟ್ಟುಕೊಟ್ಟೆವು ಎಂಬುದು ತಾನಾಗಿ ತಿಳಿಯುತ್ತದೆ. ಇರುವಾಗ ನೋಡಿ ಎಂದು ನಾವು ಹೇಳುವುದು ಇದಕ್ಕೇ.

ಹಿಚ್‌ಕಾಕ್‌ಗೇ ಬೇಡ ಎಂದ ಕಲ್ಲು

ದಕ್ಷಿಣ ಡಕೋಟಾದ ರಶ್‌ಮೋರ್ ಬೆಟ್ಟದಲ್ಲಿ ವಾಷಿಂಗ್ಟನ್, ಜೆಫರ್ಸನ್, ಥಿಯೊಡೋರ್ ರೂಸ್‌ವೆಲ್ಟ್, ಲಿಂಕನ್ ಎಂಬ ನಾಲ್ವರು ಅಧ್ಯಕ್ಷರ ಮುಖಗಳಿವೆ. 1927ರಿಂದ 1941ರವರೆಗೆ ಕಡೆದದ್ದು, ಹೆಚ್ಚಿನ ಕಲ್ಲನ್ನು ಡೈನಮೈಟ್ ಇಟ್ಟು ಹಾರಿಸಿ! ಒಂದೊಂದು ಮುಖ 60 ಅಡಿ. ನಮ್ಮ ಶ್ರವಣಬೆಳಗೊಳದ ಗೊಮ್ಮಟ ಅಡಿಯಿಂದ ಮುಡಿವರೆಗೆ ಸುಮಾರು 58 ಅಡಿ. ಆದರೆ ಅವನನ್ನು ಸಾವಿರ ವರ್ಷದ ಹಿಂದೆ ಚಾವುಂಡರಾಯ ಮಾಡಿಸಿದ್ದು ಬರೀ ಉಳಿ ಸುತ್ತಿಗೆಯಲ್ಲಿ.

ಈ ರಶ್‌ಮೋರ್ ಕಥೆ ಎತ್ತಿದ್ದು ಅಳತೆಗಾಗಿ ಅಲ್ಲ. ಥ್ರಿಲ್ಲರ್ ಸಾಮ್ರಾಟ ಆಲ್ಫ್ರೆಡ್ ಹಿಚ್‌ಕಾಕ್ 'ನಾರ್ತ್ ಬೈ ನಾರ್ತ್‌ವೆಸ್ಟ್' (1959) ಚಿತ್ರದ ಕ್ಲೈಮ್ಯಾಕ್ಸ್ ಹೊಡೆದಾಟವನ್ನು ಆ ಮುಖಗಳ ಮೇಲೆ ತೆಗೆಯಬೇಕೆಂದಿದ್ದರು. ಅಲ್ಲಿನ ಉದ್ಯಾನ ಇಲಾಖೆ ಒಪ್ಪಲಿಲ್ಲ. ಎಷ್ಟೇ ದೊಡ್ಡ ನಿರ್ದೇಶಕನಾಗಲಿ, ಆ ಮುಖದ ಮೇಲೆ ಕಾಲಿಡುವಂತಿಲ್ಲ! ಕೊನೆಗೆ ಸ್ಟುಡಿಯೋದಲ್ಲಿ ನಕಲಿ ಬಂಡೆ ಕಟ್ಟಿ ಚಿತ್ರ ಮುಗಿಸಿದರು. ಅಮೆರಿಕ ಯೆಲ್ಲೋಸ್ಟೋನನ್ನು ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಕಾಯ್ದಿಟ್ಟದ್ದು 1872ರಲ್ಲಿ. ಅಲ್ಲಿಯೂ ಪುಂಡರಿಲ್ಲವೆಂದಲ್ಲ. 2013ರಲ್ಲಿ ಯೂಟಾದ ಗಾಬ್ಲಿನ್ ಕಣಿವೆಯಲ್ಲಿ ಒಬ್ಬ ಕೋಟ್ಯಂತರ ವರ್ಷದ ಬಂಡೆಯೊಂದನ್ನು ನೂಕಿ ಉರುಳಿಸಿದ, ಜೊತೆಗಾರ ಅದನ್ನು ವಿಡಿಯೋ ಮಾಡಿದ. ಆ ವಿಡಿಯೋವೇ ಸಾಕ್ಷಿಯಾಗಿ ಇಬ್ಬರೂ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ತೆತ್ತರು.

ಈಗ ನಮ್ಮ ಮನೆಗೆ ಬನ್ನಿ.

ಪಿಸುಮಾತಿನ ಗುಮ್ಮಟದಲ್ಲಿ ಗದ್ದಲ

ವಾಷಿಂಗ್ಟನ್ನಿನ ಸಂಸತ್ ಭವನದ ಬಿಳಿ ಗುಮ್ಮಟ ಎಷ್ಟು ಹಾಲಿವುಡ್ ಚಿತ್ರಗಳಲ್ಲಿ ಬಂದಿದೆಯೋ ಲೆಕ್ಕವಿಲ್ಲ. ಎರಕದ ಕಬ್ಬಿಣದ ಆ ಗುಮ್ಮಟ ಮುಗಿದದ್ದು 1860ರ ದಶಕದಲ್ಲಿ, ಅದರಡಿಯ ಸಭಾಂಗಣದ ಅಡ್ಡಳತೆ 96 ಅಡಿ. ನಮ್ಮ ವಿಜಯಪುರದ ಗೋಳಗುಮ್ಮಟ ಅದಕ್ಕಿಂತ ಎರಡು ಶತಮಾನ ಮೊದಲು, 1656ರ ಹೊತ್ತಿಗೆ, ಮಹಮ್ಮದ್ ಆದಿಲ್‌ಶಾಹನ ಸಮಾಧಿಯ ಮೇಲೆ ಎದ್ದದ್ದು. ಒಳಗಿನ ಅಡ್ಡಳತೆ 124 ಅಡಿ, ಹೊರಗಿನದು 144 ಅಡಿ. ಕಬ್ಬಿಣದ ಚೌಕಟ್ಟಿಲ್ಲ, ನಡುವೆ ಒಂದು ಕಂಬವಿಲ್ಲ! ಒಂದನ್ನೊಂದು ಹಾಯ್ದುಹೋಗುವ ಕಮಾನುಗಳು ಅಷ್ಟೂ ಭಾರವನ್ನು ಗೋಡೆಗೆ ದಾಟಿಸುತ್ತವೆ.

ವಾಷಿಂಗ್ಟನ್ನಿನ ಆ ಭವನದಲ್ಲೂ ಪಿಸುಮಾತು ದೂರಕ್ಕೆ ಕೇಳಿಸುವ ಒಂದು ಹಳೆಯ ಸಭಾಂಗಣವಿದೆ. ಗೈಡುಗಳು ಅಲ್ಲಿ ನಿಲ್ಲಿಸಿ, ಮೆಲ್ಲಗೆ ಮಾತಾಡಿ ತೋರಿಸುತ್ತಾರೆ. ನಮ್ಮ ಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರಿನ ಕಡೆ ಕಿವಿ ಹಚ್ಚಿದವನಿಗೆ ಸ್ಪಷ್ಟ. ಕೈಗಡಿಯಾರದ ಟಿಕ್ ಟಿಕ್ ಸಹ ಕೇಳಿಸುತ್ತದೆ. ಆದರೆ ಭಾನುವಾರ ಮಧ್ಯಾಹ್ನ ಹೋಗಿ ನೋಡಿ. ಒಬ್ಬ ತನ್ನ ಹೀರೋಗೆ ಜೈ ಎನ್ನುತ್ತಾನೆ, ಇನ್ನೊಬ್ಬ ಅವನ ಎದುರಾಳಿ ಹೀರೋಗೆ ಜೈ ಎನ್ನುತ್ತಾನೆ, ಮೂರನೆಯವನು ಸುಮ್ಮನೆ ಊಳಿಡುತ್ತಾನೆ. ಗುಮ್ಮಟ ಪಾಪ, ಒಂದೊಂದನ್ನೂ ಏಳೆಂಟು ಸಲ ಹೇಳುತ್ತದೆ. ಪಿಸುಮಾತು ಕೇಳಲೆಂದೇ ಏಳಂತಸ್ತು ಮೆಟ್ಟಿಲು ಹತ್ತಿ ಬಂದ ಮುದುಕ ಕಿವಿ ಮುಚ್ಚಿಕೊಂಡು ಇಳಿಯುತ್ತಾನೆ. ಗೋಡೆ ನೋಡಿದರೆ ಮೊಳೆಯಲ್ಲಿ ಗೀಚಿದ ಹೃದಯ, ಬಾಣ, ಅಭಿಮಾನಿ ಸಂಘದ ಹೆಸರು!

ಅಭಿಮಾನಿ ಗೆಳೆಯರೇ, ಕೋಪಿಸಿಕೊಳ್ಳದೆ ಕೇಳಿ. ನಿಮ್ಮ ಹೀರೋನ ಕಟೌಟಿಗೆ ಯಾರಾದರೂ ಮೊಳೆಯಿಂದ ಗೀಚಿದರೆ ಸುಮ್ಮನಿರುತ್ತೀರಾ? ಊರಿಗೆ ಊರೇ ಎದ್ದು ಬರುತ್ತೀರಿ. ಕಟೌಟು ಶತದಿನೋತ್ಸವ ಮುಗಿದರೆ ಬೀಳುತ್ತದೆ, ಗುಮ್ಮಟ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷದಿಂದ ನಿಂತಿದೆ. ಕಾನೂನೂ ಇದೆ: ರಕ್ಷಿತ ಸ್ಮಾರಕ ಕೆಡಿಸಿದರೆ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಪೊಲೀಸರ ಭಯಕ್ಕೆ ಕೈ ಕಟ್ಟಿಕೊಳ್ಳುವುದರಲ್ಲಿ ಏನು ದೊಡ್ಡಸ್ತಿಕೆ? ಜಾನ್ ಫೋರ್ಡ್ ಆಗಲಿ ಪುಟ್ಟಣ್ಣ ಆಗಲಿ ಬಂಡೆಯ ಮೇಲೆ ತಮ್ಮ ಹೆಸರು ಕೆತ್ತಲಿಲ್ಲ, ಬಂಡೆಯನ್ನು ಕಣ್ಣಿಟ್ಟು ನೋಡಿದರು ಅಷ್ಟೇ. ಅದಕ್ಕೇ ಆ ಬಂಡೆಯ ಜೊತೆ ಅವರ ಹೆಸರೂ ಉಳಿಯಿತು.

ನಾಲ್ಕು ಕಿವಿಮಾತು

ಸಿನಿಮಾದಲ್ಲಿ ಹೀರೋ ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯ ಮುಂದೆ ಹಾಡು ಶುರು ಮಾಡಿ ಸ್ಯಾನ್‌ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಮೇಲೆ ಮುಗಿಸುತ್ತಾನೆ. ಎಡಿಟರ್‌ಗೆ ಅದು ಒಂದು ಕತ್ತರಿ. ನಿಮಗೆ ವಿಮಾನದಲ್ಲೇ ನಾಲ್ಕು ಸಾವಿರ ಕಿಲೋಮೀಟರಿಗೂ ಮೇಲೆ! ಆದ್ದರಿಂದ ಅಮೆರಿಕಕ್ಕೆ ಹೋಗುವವರು ಎಲ್ಲವನ್ನೂ ಒಂದೇ ಸಲ ನೋಡುವ ಆಸೆ ಬಿಡಿ. ಒಂದು ದಿಕ್ಕು ಹಿಡಿಯಿರಿ.

ಇನ್ನೂ ಹೋಗಲಾರದವರಿಗೆ ನಮ್ಮ ಸಲಹೆ ಇಷ್ಟು. ಮೋರಟಗಿಯಿಂದ ಸಿಂದಗಿ, ಸಿಂದಗಿಯಿಂದ ವಿಜಯಪುರ. ಗುಮ್ಮಟದ ಬಾಗಿಲು ತೆರೆಯುವ ಹೊತ್ತಿಗೇ ಮೇಲಿರಿ, ಜನ ಬರುವ ಮೊದಲು ಒಂದೇ ಒಂದು ಮಾತು ಪಿಸುಗುಟ್ಟಿ. ಬಾದಾಮಿಗೆ ಒಂದು ಪೂರ್ತಿ ದಿನ ಇಡಿ. ಗೋಕಾಕಕ್ಕೆ ಮಳೆಗಾಲ. ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಎರೆ ಹೊಲ ಕಂಡರೆ ತಾತ್ಸಾರ ಬೇಡ. ವಿಜಯಪುರ ಸೀಮೆಯ ಆ ಕರಿ ಮಣ್ಣು ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿ ಹರಿದ ಲಾವಾರಸದ ಕಲ್ಲು ಸವೆದು ಆದದ್ದು. ಯೆಲ್ಲೋಸ್ಟೋನಿನಲ್ಲಿ ಜ್ವಾಲಾಮುಖಿಯ ನೆಲ ನೋಡಲು ಜನ ಡಾಲರ್ ಕೊಡುತ್ತಾರೆ. ನೀವು ಅದರ ಮೇಲೆ ಜೋಳ ಬೆಳೆದು ರೊಟ್ಟಿ ತಿನ್ನುತ್ತೀರಿ!

ನಾಗತಿಹಳ್ಳಿ ಚಂದ್ರಶೇಖರ್ ಅವರ 'ಅಮೆರಿಕಾ ಅಮೆರಿಕಾ' ನೋಡದಿದ್ದವರು ಹೊರಡುವ ಮೊದಲು ಒಮ್ಮೆ ನೋಡಿ. ಹೋದವನದೂ ಇದ್ದವನದೂ ಕಥೆ ಅದು. ಹೋಗುವುದು ತಪ್ಪಲ್ಲ, ಇರುವುದು ಸಣ್ಣತನವಲ್ಲ. ಚಿತ್ರದುರ್ಗಕ್ಕೆ ಒಬ್ಬ ಪುಟ್ಟಣ್ಣ ಸಿಕ್ಕಂತೆ ನಮ್ಮ ಗುಮ್ಮಟಕ್ಕೂ ಬಾದಾಮಿಗೂ ಒಬ್ಬ ಸಿಕ್ಕಾನು. ಅವನು ಈಗ ಯಾವುದೋ ಟಾಕೀಸಿನ ಗಾಂಧಿ ಕ್ಲಾಸಿನಲ್ಲಿ ಕೂತಿರಬಹುದು, ನಿಮ್ಮೂರಿನವನೇ ಆಗಿರಬಹುದು. ಅವನು ಕ್ಯಾಮರಾ ಹೊತ್ತು ಬರುವ ದಿನಕ್ಕೆ ಗೋಡೆ ಗೋಡೆಯಾಗಿಯೇ ಇರಲಿ!